ನೇರಳೆ ಅಂಚಿನ ಪುಸ್ತಕ

ಮಾರ್ಚ್ ಮೊದಲ ವಾರ. ಅಡತಿ ಅಂಗಡಿಯಲ್ಲಿ ಹತ್ತಿಯ ಪಟ್ಟಿ ಬರೆಯುತ್ತ ಕೂತಿದ್ದೆ. ಸಾವ್ಕಾರ್ರು ನನ್ನ ಕೈ ನೋಡಿ, "ಏನವಾ, ಯಾವ ಎಲೆಕ್ಷನ್ನು? ನಮಗ ಹೇಳದಂಗ ಓಟು ಹಾಕಿ ಬಂದೀಯಲ್ಲ" ಅಂದರು. ನೋಡಿಕೊಂಡರೆ ಬಲಗೈ ಹೆಬ್ಬೆರಳು ಪೂರ್ತಿ ನೇರಳೆ. ಪಟ್ಟಿಯ ಮೂಲೆಯಲ್ಲೂ ಒಂದು ನೇರಳೆ ಕಲೆ, ರೈತರು ಹೆಬ್ಬೆಟ್ಟು ಒತ್ತುವ ಜಾಗದಲ್ಲೇ.

ಅದು ಪುಸ್ತಕದ ಬಣ್ಣ. ಈಗ ಬರುವ ಫ್ಯಾಂಟಸಿ ಕಾದಂಬರಿಗಳಿಗೆ ಹಾಳೆಗಳ ಅಂಚಿಗೂ ಬಣ್ಣ ಹೊಡೆದು ಕೊಡುತ್ತಾರೆ. ಮುಚ್ಚಿಟ್ಟರೆ ಪುಸ್ತಕ ಮೂರೂ ಕಡೆ ಮಿಠಾಯಿ ಡಬ್ಬಿಯಂತೆ ಹೊಳೆಯುತ್ತದೆ. ಬಣ್ಣ ಹೊಡೆದವರು ರಾಯಚೂರಿನ ಬಿಸಿಲು ಕಂಡಿರಲಿಕ್ಕಿಲ್ಲ. ಮಾರ್ಚ್ ಬಂತೆಂದರೆ ನಮ್ಮಲ್ಲಿ ಫ್ಯಾನಿನ ಕೆಳಗೆ ಕೂತರೂ ಅಂಗೈ ಬೆವರುತ್ತದೆ, ಬೆವರಿದ ಕೈಗೆ ಆ ಅಂಚು ಬಣ್ಣ ಬಿಟ್ಟಿತು. ಹನ್ನೊಂದು ರಾತ್ರಿ ಓದಿದೆ. ಕೊನೆಗೆ ನನಗೆ ಅಂಟಿಕೊಂಡದ್ದು ಆ ಬಣ್ಣ ಮಾತ್ರ ಅಂತ ಬರೆದರೆ ಕೇಳಲು ಚಂದ, ಆದರೆ ಸುಳ್ಳು. ಇನ್ನೊಂದೂ ಅಂಟಿಕೊಂಡಿದೆ. ಅದನ್ನು ಬಿಡಿಸಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ.

ಕಾದಂಬರಿಯ ಹೆಸರು ಹೇಳುವುದಿಲ್ಲ. ಆ ಲೇಖಕಿಯ ಮೇಲೆ ದೂರು ಕೊಡಲು ಹೊರಟವಳಲ್ಲ ನಾನು. ಈ ಜಾತಿಯ ನಾಲ್ಕು ಪುಸ್ತಕ ಓದಿದವರಿಗೆ ಹೆಸರು ಬೇಕಾಗುವುದೂ ಇಲ್ಲ.

ಹತ್ತನೇ ತರಗತಿವರೆಗೆ ನನ್ನದು ಕನ್ನಡ ಮಾಧ್ಯಮ, ಮಾನ್ವಿ ತಾಲೂಕಿನ ನಮ್ಮೂರ ಸರ್ಕಾರಿ ಶಾಲೆ. ಬಿ.ಕಾಂ.ಗೆ ರಾಯಚೂರಿಗೆ ಬಂದಾಗ ಇಂಗ್ಲಿಷ್ ಅಂದರೆ ಎದೆ ಡವಡವ. ಹಾಸ್ಟೆಲ್ಲಿನಲ್ಲಿ ಪಕ್ಕದ ಮಂಚದ ಗೆಳತಿ ತನ್ನದೊಂದು ರಟ್ಟು ಕಿತ್ತುಹೋದ ಫ್ಯಾಂಟಸಿ ಕಾದಂಬರಿ ಕೊಟ್ಟು, "ಗೊತ್ತಾಗದ ಪದ ಬಿಟ್ಟು ಮುಂದ ಹೋಗು, ಕಥಿನ ಎಳಕೊಂಡು ಹೋಗ್ತೈತಿ" ಅಂದಳು. ಎಳೆದುಕೊಂಡೇ ಹೋಯಿತು. ವ್ಯಾಕರಣದ ಪುಸ್ತಕಕ್ಕೆ ಕಲಿಸಲು ಆಗದ ಇಂಗ್ಲಿಷನ್ನು ನನಗೆ ಡ್ರ್ಯಾಗನ್ನುಗಳು ಕಲಿಸಿದವು. 'ಯಂಗ್ ಅಡಲ್ಟ್' ಅಂದರೆ ಲೆಕ್ಕಪ್ರಕಾರ 12ರಿಂದ 18 ವರ್ಷದವರಿಗೆ. ನನಗೀಗ 26. ಕಪಾಟು ಬದಲಿಸಬೇಕೆಂದು ಇದುವರೆಗೆ ಅನ್ನಿಸಿಲ್ಲ. ಹಾಗಾಗಿ ಈ ಸಲದ ಬೇಸರ ಹೊರಗಿನವಳ ಮೂಗುಮುರಿಯುವಿಕೆ ಅಂದುಕೊಳ್ಳಬೇಡಿ, ಮನೆಯವಳ ಸಿಟ್ಟು ಇದು.

ಜನವರಿಯಲ್ಲಿ ಸಾವ್ಕಾರ್ರು ಪಗಾರ ಒಂದು ಸಾವಿರ ಏರಿಸಿದರು. ಅಲ್ಲಿಯತನಕ ನಾನು ಓದಿದ್ದೆಲ್ಲ ಕೈಗಡ, ಇಲ್ಲವೆ ಫುಟ್‌ಪಾತಿನ ಹಳೇ ಪುಸ್ತಕ. ಮೊದಲ ಸಲ ಒಂದು ಪುಸ್ತಕವನ್ನು ಅದು ಹುಟ್ಟುವ ಮೊದಲೇ ದುಡ್ಡು ಕೊಟ್ಟು ಕಾದೆ, 599 ರೂಪಾಯಿ. ಕಾಯುವಂತೆ ಮಾಡಿದ್ದು ರೀಲ್ಸು. ನಮ್ಮ ದೇಶದಲ್ಲಿ 2020ರ ಜೂನ್‌ನಲ್ಲಿ ಟಿಕ್‌ಟಾಕ್ ಬಂದ್ ಆಯಿತು. ಆದರೂ ಅಲ್ಲಿ ಪುಸ್ತಕ ತಬ್ಬಿಕೊಂಡು ಅಳುವ ಹುಡುಗಿಯರು ಇನ್‌ಸ್ಟಾಗ್ರಾಮಿನ ಕಾಲುವೆ ಹಿಡಿದು ನಮ್ಮ ಮೊಬೈಲಿಗೆ ಬರುತ್ತಲೇ ಇದ್ದಾರೆ. ಈ ಪುಸ್ತಕಕ್ಕೆ ಮುಖಪುಟದ ಸುತ್ತ ಬಾಣ ಬಿಡಿಸಿ, ಹೋಟೆಲಿನ ಮೆನು ಕಾರ್ಡಿನಂತೆ ಬರೆದಿದ್ದರು: ಎನಿಮೀಸ್ ಟು ಲವರ್ಸ್, ಒಂದೇ ಹಾಸಿಗೆ, ಶಾಪಗ್ರಸ್ತ ರಾಜಕುಮಾರ, ತಾನು ಯಾರೆಂದು ತನಗೇ ಗೊತ್ತಿಲ್ಲದ ರಾಣಿ. ಅದೆಲ್ಲ ನನಗೆ ಮಾಮೂಲಿ. ನಾನು ಬಿದ್ದದ್ದು ಕೊನೆಯ ಬಾಣಕ್ಕೆ: ನೀರನ್ನು ಆಳುವ ಹುಡುಗಿ.

ಅದಕ್ಕೇ ಯಾಕೆ ಬಿದ್ದೆ ಅನ್ನುವುದಕ್ಕೆ ನಮ್ಮೂರ ವಿಳಾಸ ಹೇಳಬೇಕು. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನ ಹತ್ತಿರ ಜಲಾಶಯ ಬಿಟ್ಟು ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ನಮ್ಮ ಕಡೆ ಬರುತ್ತದೆ. 220 ಕಿಲೋಮೀಟರಿಗೂ ಉದ್ದ. ನಾವು ಅದರ ಬಾಲದಲ್ಲಿ ಇರುವವರು. ಪೇಪರಿನವರು 'ಕೆಳಭಾಗದ ರೈತರು' ಅಂತ ಬರೆಯುತ್ತಾರಲ್ಲ, ಅವರು ನಾವು. ಮೇಲಿನವರು ಕಾಲುವೆಗೆ ಪಂಪ್‌ಸೆಟ್ ಇಳಿಬಿಟ್ಟರೆ ನಮ್ಮ ಗದ್ದೆ ಬಿರುಕು ಬಿಡುತ್ತದೆ. ಮೈಲ್ 104ರಲ್ಲಿ ಗೇಜು, ಅಂದರೆ ಕಾಲುವೆ ನೀರಿನ ಮಟ್ಟ, ಎಷ್ಟು ನಿಂತಿದೆ ಅನ್ನುವುದು ನಮ್ಮ ಮನೆಯಲ್ಲಿ ಊಟದ ಹೊತ್ತಿನ ಮಾತು. ಅಪ್ಪ ಫೋನಿನಲ್ಲಿ ಕಾಲುವೆ ನೋಡಿಕೊಳ್ಳುವ ಗ್ಯಾಂಗ್‌ಮನ್ ಜೊತೆ ಮಾತಾಡುವ ನಯವನ್ನು ಅವ್ವನ ಜೊತೆ ಒಂದು ದಿನವೂ ತೋರಿಸಿದ್ದು ಕಂಡಿಲ್ಲ. ರಾಯಚೂರಿನಿಂದ ನಮ್ಮೂರಿಗೆ ಹೋಗುವಾಗ ನೀರಮಾನ್ವಿ ಅಂತ ಊರು ಸಿಗುತ್ತದೆ, ಮಾನ್ವಿಗೆ ತುಸು ಮೊದಲು. ಚಿಕ್ಕವಳಿದ್ದಾಗ ನೀರೆಲ್ಲ ಅಲ್ಲೇ ನಿಂತುಬಿಡುತ್ತದೆ, ಅದಕ್ಕೇ ಆ ಹೆಸರು ಅಂತ ನಂಬಿದ್ದೆ.

ಹೀಗಿರುವಾಗ ನೀರನ್ನು ಆಳುವ ಹುಡುಗಿ ಅಂದರೆ ನಾನು ಬೀಳದೆ ಇರುತ್ತೇನೆಯೇ?

ಮೊದಲ ರಾತ್ರಿ ಅರವತ್ತು ಪುಟ ಓದಿದೆ. ಒಳ್ಳೆಯ ಅರವತ್ತು ಪುಟ, ಅದನ್ನು ಹೇಳದಿದ್ದರೆ ಅನ್ಯಾಯ. ನಾಯಕಿ ಹದಿನೇಳರ ಹುಡುಗಿ, ಸೋದರತ್ತೆಯ ಮನೆಯಲ್ಲಿ ಬಟ್ಟೆ ಒಗೆದು ಬದುಕುವವಳು. ಬಾವಿಯಿಂದ ಸೇದಿದ ಬಕೆಟ್ಟನ್ನು ಕಟ್ಟೆಯ ಮೇಲಿಡುತ್ತಾಳೆ. ಗಾಳಿ ಇಲ್ಲ, ಯಾರೂ ಮುಟ್ಟಿಲ್ಲ, ನೀರಿನ ಮೇಲೊಂದು ಸಣ್ಣ ನಡುಕ. ಅವಳು ತನ್ನ ಒದ್ದೆ ಕೈಯನ್ನು ಲಂಗದ ಹಿಂದೆ ಬಚ್ಚಿಡುತ್ತಾಳೆ. ಆ ಕೈ ಬಚ್ಚಿಡುವುದನ್ನು ಓದಿ ನಾನು ದೀಪ ಆರಿಸಿ ಸ್ವಲ್ಪ ಹೊತ್ತು ಸುಮ್ಮನೆ ಮಲಗಿದ್ದೆ. ಕಾಯಲು ಕೊಟ್ಟ ದುಡ್ಡು ವಸೂಲಾಯಿತು ಅನ್ನಿಸಿತ್ತು.

ಎರಡನೇ ರಾತ್ರಿ ನಕಾಶೆ ನೋಡಿದೆ. ಇಂಥ ಪುಸ್ತಕಗಳಲ್ಲಿ ಮೊದಲ ಹಾಳೆಗೇ ನಕಾಶೆ ಇರುತ್ತದೆ, ನಾನು ಬೇಕಂತಲೇ ತಡವಾಗಿ ನೋಡುತ್ತೇನೆ. ನದಿಯ ಮೇಲೆ ಬೆರಳಿಟ್ಟು ಉತ್ತರದ ಬೆಟ್ಟದಿಂದ ಇಳಿದೆ. ನದಿ ಹರಿಯುವ ದಿಕ್ಕಿಗೆ ಮುಖ ಮಾಡಿ ನಿಂತರೆ ಎಡಗೈಯ ಕಡೆಯದು ಎಡದಂಡೆ, ಬಲಗೈಯ ಕಡೆಯದು ಬಲದಂಡೆ. ಇದು ನಮ್ಮೂರ ಮಕ್ಕಳಿಗೂ ಗೊತ್ತು. ಈ ನದಿಗೆ ದಂಡೆ ಹೇಳಲು ಹೋದರೆ ಅದು ನಡುದಾರಿಯಲ್ಲಿ ಇನ್ನೊಂದು ಬೆಟ್ಟವನ್ನು ಹತ್ತಿ ಆಚೆ ಇಳಿದಿತ್ತು. ಮಾಂತ್ರಿಕ ನದಿ, ಹತ್ತಲಿ ಬಿಡು ಅಂದುಕೊಂಡೆ. ಮುಂದೆ ಕಥೆಯಲ್ಲಿ ಆ ಹತ್ತುವಿಕೆಗೆ ಏನಾದರೂ ಕಾರಣ ಬರುತ್ತದೆಂದು ಪೆನ್ಸಿಲ್ಲಿನಲ್ಲಿ ಚುಕ್ಕೆ ಇಟ್ಟೆ. 468 ಪುಟ ಮುಗಿದವು, ಬರಲಿಲ್ಲ.

ಮೂರನೇ ರಾತ್ರಿ ರಾಜಕುಮಾರ ಬಂದ. 312 ವರ್ಷ ವಯಸ್ಸು, ನೋಡಲು ಇಪ್ಪತ್ತು. ಕಣ್ಣು ಬಿರುಗಾಳಿಯ ಬಣ್ಣ. ಬಿರುಗಾಳಿಗೆ ಬಣ್ಣ ಯಾವುದೆಂದು ಮರುದಿನ ಅಂಗಡಿಯಲ್ಲಿ ಹಮಾಲರ ಹಿರಿಯರನ್ನು ಕೇಳಿದೆ. "ಕೆಂಪು ಧೂಳು ಎದ್ದಿದ್ರ ಕೆಂಪವಾ, ಹತ್ತಿ ಹಾರಿದ್ರ ಬಿಳಿ" ಅಂದರು. ಅಲ್ಲಿಂದ ಮುಂದೆ ಆ ರಾಜಕುಮಾರ ಕಣ್ಣುಬೇನೆ ಬಂದವನಂತೆಯೇ ನನಗೆ ಕಾಣಿಸತೊಡಗಿದ. ಪುಸ್ತಕದ ತಪ್ಪಲ್ಲ, ಒಪ್ಪುತ್ತೇನೆ.

ಪುಸ್ತಕದ ತಪ್ಪು ಬೇರೆ ಇದೆ. ಅವನು ನಾಯಕಿಯ ಕೋಣೆಯ ಕಿಟಕಿಯಲ್ಲಿ ಕೂತು ಏಳು ರಾತ್ರಿ ಅವಳು ಮಲಗಿರುವುದನ್ನು ನೋಡುತ್ತಾನೆ. ಅವಳಿಗೆ ಗೊತ್ತಿಲ್ಲ. ಗೊತ್ತಾದ ದಿನ ಒಂದು ಪುಟ ಸಿಟ್ಟಾಗುತ್ತಾಳೆ. ಅವನು "ನಿನ್ನನ್ನು ಕಾಯುತ್ತಿದ್ದೆ" ಅನ್ನುತ್ತಾನೆ. ಅವಳ ಮೊಣಕಾಲು ಕರಗುತ್ತದೆ. ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಒಬ್ಬ ನಮ್ಮ ಬಸ್ಸಿನ ಹಿಂದೆ ಮೂರು ತಿಂಗಳು ಬೈಕಿನಲ್ಲಿ ಬಂದ. ಮಾತಾಡಲಿಲ್ಲ, ಮುಟ್ಟಲಿಲ್ಲ, ಬರೇ ಬಂದ. ನಾನು ಕಿಟಕಿಯ ಸೀಟು ಬಿಟ್ಟು ಡ್ರೈವರ್ ಹಿಂದಿನ ಸೀಟಿಗೆ ಹೋದೆ. ಹಿಂದಿನ ಬಾಗಿಲಲ್ಲಿ ಇಳಿಯುವುದು ಬಿಟ್ಟೆ. ಮನೆಯಲ್ಲಿ ಹೇಳಿದರೆ ಕಾಲೇಜೇ ಬಿಡಿಸುತ್ತಾರೆಂದು ಹೇಳಲಿಲ್ಲ. ಆ ಮೂರು ತಿಂಗಳಲ್ಲಿ ನನ್ನ ಮೊಣಕಾಲಿಗೆ ಏನೇನೋ ಆಗಿದೆ, ಕರಗಿದ್ದು ಮಾತ್ರ ಇಲ್ಲ. ಮುನ್ನೂರು ವರ್ಷ ಬದುಕಿದವನಿಗೆ ಬಾಗಿಲು ತಟ್ಟಿ ಒಳಗೆ ಬರುವುದನ್ನು ಯಾರೂ ಕಲಿಸಿರಲಿಲ್ಲವೇ?

ನಮ್ಮ ಜಿಲ್ಲೆಗೆ ಪ್ರೀತಿ ಬರೆಯುವುದು ಗೊತ್ತಿಲ್ಲವೆಂದಲ್ಲ. ಶಾಂತರಸರು, ಅವರ ಮಗಳು ಎಚ್.ಎಸ್. ಮುಕ್ತಾಯಕ್ಕ ಕನ್ನಡದಲ್ಲಿ ಗಜಲ್ ಬೆಳೆಸಿದ ಊರು ಇದು. ಗಜಲಿನಲ್ಲಿ ಬರಬೇಕಾದವರು ಬರುವುದಿಲ್ಲ, ಎರಡೆರಡು ಸಾಲಿಗೆ ಕಾಯುವುದು ಮಾತ್ರ ಮತ್ತೆ ಮತ್ತೆ ಬರುತ್ತದೆ. ಕಾದಂಬರಿಯ ಹುಡುಗಿಗೆ ಕಾಯುವ ಪುರಸೊತ್ತೇ ಇಲ್ಲ. ನೆನೆಯುವ ಮೊದಲೇ ಅವನು ಕಿಟಕಿಯಲ್ಲಿ ಹಾಜರು.

ಈ ನಡುವೆ ಇನ್ನೊಂದು ಹುಚ್ಚು ಹತ್ತಿತು. 'ಹಿಡಿದಿಟ್ಟುಕೊಂಡಿದ್ದೇನೆಂದು ನನಗೇ ಗೊತ್ತಿರದ ಉಸಿರನ್ನು ಬಿಟ್ಟೆ' ಅನ್ನುವ ಅರ್ಥದ ವಾಕ್ಯ ಈ ಕಪಾಟಿನ ಹಳೆಯ ರೋಗ. ಪ್ರತಿ ಸಲ ಬಂದಾಗಲೂ ಕೊನೆಯ ಖಾಲಿ ಹಾಳೆಯಲ್ಲಿ ಒಂದು ಗೆರೆ ಎಳೆದೆ, ಹಮಾಲರು ಮೂಟೆ ಎಣಿಸುವಾಗ ಎಳೆಯುವಂತೆ, ನಾಲ್ಕು ಉದ್ದ ಗೆರೆಗೆ ಒಂದು ಅಡ್ಡ. ಹದಿನಾಲ್ಕಾಯಿತು. ಐದೈದು ಗೆರೆಯ ಮೂರು ಕಟ್ಟಿಗೆ ಒಂದು ಉಸಿರು ಕಮ್ಮಿ.

ಐದನೇ ರಾತ್ರಿ ಅಣೆಕಟ್ಟು ಒಡೆಯಿತು. ಶತ್ರುಗಳು ಮಂತ್ರ ಹಾಕಿ ಬಾಗಿಲು ಕಿತ್ತರು. ನಾನು ಎದ್ದು ಗೋಡೆಗೊರಗಿ ಕೂತೆ. ಇದು ನನಗೆ ಗೊತ್ತಿದ್ದ ರಾತ್ರಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಚೈನು ಹರಿದು ಗೇಟೇ ಕೊಚ್ಚಿಹೋಯಿತು. ಮರುದಿನ ಊರಿಗೆ ಫೋನು ಹಚ್ಚಿದಾಗ ಅಪ್ಪ ಮಾತಾಡಲಿಲ್ಲ, ಅವ್ವ ಮಾತಾಡಿದಳು. "ಡ್ಯಾಮ್ ತುಂಬಿತ್ತಲ್ಲ, ಅದ್ಕ ಈ ಸಲ ಎರಡು ಬೆಳಿ ಅಂತ ಕುಂತಿದ್ರು, ಈಗ ರೇಡಿಯೋ ಮುಂದ ಕುಂತಾರ." ಒಂದು ಗೇಟಿನ ಮೇಲೆ ಒತ್ತಡ ಬೀಳಬಾರದೆಂದು ಉಳಿದ ಗೇಟುಗಳನ್ನೂ ತೆಗೆದು ನೀರು ಬಿಟ್ಟರು. ವರ್ಷವಿಡೀ ಕಾದಿದ್ದ ನೀರನ್ನು ನಾವೇ ನದಿಗೆ ಬಿಟ್ಟು, ನೀರಿನ ಮಟ್ಟ ಇಳಿಯಲಿ ಅಂತ ಬೇಡಿಕೊಳ್ಳುವ ವಾರ ಅದು. ಗೇಟಿನ ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ, ಹರಿಯುವ ನೀರಿನಲ್ಲೇ, ಸ್ಟಾಪ್‌ಲಾಗ್ ಅನ್ನುವ ಉಕ್ಕಿನ ತಡೆಯನ್ನು ತುಂಡು ತುಂಡಾಗಿ ಇಳಿಸಿದರು. ಮೊದಲ ತುಂಡು ಕೂತದ್ದು 16ಕ್ಕೆ. ಆ ದಿನ ಅಪ್ಪ ಫೋನು ತೆಗೆದುಕೊಂಡು ಒಂದೇ ಮಾತು ಅಂದರು, "ಕೂತೈತಂತ."

ಕಾದಂಬರಿಯಲ್ಲಿ ನಾಯಕಿ ಕೈ ಎತ್ತುತ್ತಾಳೆ. ನೀರು ನಿಲ್ಲುತ್ತದೆ. ಒಂದು ವಾಕ್ಯ. ಮುಂದಿನ ವಾಕ್ಯದಲ್ಲಿ ರಾಜಕುಮಾರ ಅವಳ ಒದ್ದೆ ಕೂದಲು ನೋಡುತ್ತಿದ್ದಾನೆ. ನಿಂತ ನೀರು ಎಲ್ಲಿ ಹೋಯಿತು? ಅವಳು ಮೂರು ರಾತ್ರಿ ನದಿಯನ್ನು ತಡೆದಳು ಅಂತ ಬೇರೆ ಬರೆದಿದೆ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಒಂದು ದಿನದಲ್ಲಿ ಅಷ್ಟು ಹರಿಯಬೇಕಾದರೆ ಸೆಕೆಂಡಿಗೆ ಹನ್ನೊಂದೂವರೆ ಸಾವಿರ ಘನ ಅಡಿಗೂ ಮೀರಬೇಕು. ತುಂಬಿದ ನದಿ ಅದರ ಎಷ್ಟೋ ಪಟ್ಟು ತರುತ್ತದೆ. ಮೂರು ರಾತ್ರಿಯ ನೀರು ನಕಾಶೆಯ ಯಾವ ಊರನ್ನು ಮುಳುಗಿಸಿತು, ಕೆಳಗಿನ ಯಾವ ಊರು ಮೂರು ದಿನ ಒಣಗಿತು? ನಕಾಶೆಯ ಮೇಲೆ ಮತ್ತೆ ಬೆರಳಿಟ್ಟೆ. ಕೆಳಗೆ ಊರುಗಳ ಹೆಸರೇನೋ ಇದ್ದವು. ಕಥೆ ಒಂದು ಸಲವೂ ಅಲ್ಲಿಗೆ ಹೋಗಿರಲಿಲ್ಲ.

ಆ ರಾತ್ರಿಯೇ ಗೆಳತಿಗೆ, ಆ ಹಾಸ್ಟೆಲ್ಲಿನವಳಿಗೆ, ಫೋನು ಮಾಡಿದೆ. ಈಗ ಬಳ್ಳಾರಿಯಲ್ಲಿದ್ದಾಳೆ, ಬ್ಯಾಂಕಿನಲ್ಲಿ. ಅವಳೂ ಅದೇ ಪುಸ್ತಕ ಓದಿ ಮುಗಿಸಿ ಎರಡನೇ ಸಲ ಹಿಡಿದಿದ್ದಳು. ನನ್ನ ಟಿಎಂಸಿ ಲೆಕ್ಕ ಕೇಳಿ ನಕ್ಕಳು.

"ನಿನಗ ಕಥಿ ಬೇಕೋ, ನೀರಾವರಿ ಇಲಾಖಿ ವರದಿ ಬೇಕೋ?"

"ಹಂಗಲ್ಲಲೇ..."

"ಹಂಗ. ದಿನಪೂರ್ತಿ ಕೌಂಟರಿನಾಗ ಮಂದಿ ಬೈಗಳ ತಿಂದು ಬಂದಿರ್ತೀನಿ. ರಾತ್ರಿ ಒಬ್ಬಾಕಿ ಕೈ ಎತ್ತಿದ್ರ ಎಲ್ಲಾ ನಿಲ್ತೈತಿ ಅಂದ್ರ ನನಗ ಸಾಕು. ಆಕಿ ಕೈ ಎತ್ತಿದ್ದಕ್ಕೂ ಜಿಎಸ್‌ಟಿ ಕಟ್ಟಬೇಕೇನು?"

ನನಗೆ ಉತ್ತರ ಹೊಳೆಯಲಿಲ್ಲ. ಅವಳು ಹೇಳಿದ್ದರಲ್ಲಿ ತಪ್ಪಿಲ್ಲ, ಇವತ್ತಿಗೂ ತಪ್ಪಿಲ್ಲ ಅಂತಲೇ ಅನ್ನುತ್ತೇನೆ. ಆದರೆ ನನ್ನ ಕೆಲಸವೇ ಲೆಕ್ಕ ಬರೆಯುವುದು. ಒಂದು ಕಡೆ ಜಮಾ ಆದರೆ ಇನ್ನೊಂದು ಕಡೆ ಖರ್ಚು ಬೀಳಲೇಬೇಕು, ಇಲ್ಲದಿದ್ದರೆ ಸಂಜೆ ಟ್ಯಾಲಿ ಹೊಂದುವುದಿಲ್ಲ. ಮನೆಗೆ ಹೋಗಲು ಬಿಡುವುದಿಲ್ಲ. ಕಥೆಗೆ ಈ ಬುದ್ಧಿ ತರಬಾರದು ಅಂದುಕೊಂಡರೂ ಬರುತ್ತದೆ.

ಮತ್ತೆ ಯೋಚಿಸಿದರೆ ಈ ಬುದ್ಧಿಯನ್ನು ಮೊದಲು ಕಲಿಸಿದ್ದು ಅಡತಿ ಅಂಗಡಿ ಅಲ್ಲ. ಮಾನ್ವಿ ಬಸ್‌ಸ್ಟ್ಯಾಂಡಿನಿಂದ ಅಪ್ಪ ತರುತ್ತಿದ್ದ ಹಳೇ ಚಂದಮಾಮ. ಬೇತಾಳ ಕಥೆ ಹೇಳಿ ಪ್ರಶ್ನೆ ಕೇಳುತ್ತದೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ವಿಕ್ರಮನ ತಲೆ ಸಿಡಿದು ಹೋಳಾಗುತ್ತದೆ. ಹೇಳಿದರೆ ಮೌನ ಮುರಿಯುತ್ತದೆ, ಹೆಣ ಹಾರಿ ಮರಕ್ಕೆ ಹೋಗಿ ಜೋತುಬೀಳುತ್ತದೆ. ಎರಡೂ ಕಡೆ ಖರ್ಚು. ಅಂಥ ಮಂತ್ರ ಓದಿ ಬೆಳೆದವಳು ನಾನು, ಪುಕ್ಕಟೆ ಮಂತ್ರ ಹೊಟ್ಟೆಗೆ ಹತ್ತುವುದಿಲ್ಲ.

ಏಳನೇ ರಾತ್ರಿ, 287ನೇ ಪುಟ.

ಅರಮನೆಯಲ್ಲಿ ನಾಯಕಿಗೆ ಒಬ್ಬಳು ಕೆಲಸದ ಹುಡುಗಿ ಇದ್ದಾಳೆ. ಹದಿನೈದು ವರ್ಷ. ಕೂದಲು ಹೆಣೆಯುತ್ತಾಳೆ, ಗುಟ್ಟಿನ ಓಲೆ ಒಯ್ಯುತ್ತಾಳೆ, ನಕ್ಕಾಗ ಕೈ ಬಾಯಿಗೆ ಅಡ್ಡ ಹಿಡಿಯುತ್ತಾಳೆ, ಹಲ್ಲು ಸೊಟ್ಟ ಇದೆ ಅಂತ. ತನ್ನೂರಿನಲ್ಲಿ ಅವ್ವ ಇದ್ದಾಳೆ, ಬೆಣ್ಣೆ ಮಾರುತ್ತಾಳೆ ಅಂತ ಒಂದು ಸಲ ಹೇಳುತ್ತಾಳೆ. ಅವಳ ಊರು ನಕಾಶೆಯ ಕೆಳಭಾಗದಲ್ಲಿತ್ತು. ನಾನು ಹುಡುಕಿ ನೋಡಿದ್ದೆ.

287ರಲ್ಲಿ ನಾಯಕಿಗೆ ಬಿಟ್ಟ ಬಾಣಕ್ಕೆ ಆ ಹುಡುಗಿ ಅಡ್ಡ ಬರುತ್ತಾಳೆ. 288ರಲ್ಲಿ ನಾಯಕಿ ಅಳುತ್ತಾಳೆ, ಅತ್ತ ಕಣ್ಣೀರು ಗಾಳಿಯಲ್ಲಿ ಮುತ್ತಾಗಿ ನಿಲ್ಲುತ್ತದೆ, ಅವಳ ಪೂರ್ತಿ ಶಕ್ತಿ ಅವತ್ತು ಎಚ್ಚರವಾಗುತ್ತದೆ. 289ರಲ್ಲಿ ರಾಜಕುಮಾರ ಅವಳನ್ನು ಹಿಡಿದುಕೊಳ್ಳುತ್ತಾನೆ. 290ರಲ್ಲಿ ಮುತ್ತು, ಇದು ಬೇರೆ ಮುತ್ತು. ರೀಲ್ಸಿನಲ್ಲಿ ಹುಡುಗಿಯರು ಪುಸ್ತಕ ಎದೆಗೊತ್ತಿಕೊಂಡು ಕಿರುಚುವುದು ಈ 290ಕ್ಕೇ. ನಾನೂ ಇದಕ್ಕೇ ಜನವರಿಯಿಂದ ಕಾದಿದ್ದೆ.

ಆಮೇಲೆ ಆ ಹುಡುಗಿಯ ಹೆಣ ಏನಾಯಿತು ಅಂತ ಇಲ್ಲ. ತಪ್ಪಿ ಎರಡು ಹಾಳೆ ಒಟ್ಟಿಗೆ ತಿರುವಿದೆನೇನೋ ಅಂತ ಅಂಚು ಬಿಡಿಸಿ ನೋಡಿದೆ. ಬಣ್ಣದ ಅಂಚು ಒಮ್ಮೊಮ್ಮೆ ಹಾಳೆಗಳನ್ನು ಅಂಟಿಸಿಬಿಟ್ಟಿರುತ್ತದೆ. ಅಂಟಿರಲಿಲ್ಲ. 291ಕ್ಕೆ ಹೊಸ ಅಧ್ಯಾಯ, ಅರಮನೆಯಲ್ಲಿ ಕುಣಿತದ ಹಬ್ಬ, ನಾಯಕಿಯ ಕೂದಲನ್ನು ಇನ್ನೊಬ್ಬ ಹುಡುಗಿ ಹೆಣೆಯುತ್ತಿದ್ದಾಳೆ.

ಪುಸ್ತಕ ಮಗುಚಿಟ್ಟು ಮಾಳಿಗೆಗೆ ಹೋದೆ. ಕರೆಂಟೂ ಇರಲಿಲ್ಲ. ಅವ್ವ ರೊಟ್ಟಿ ಬಡಿಯುವಾಗ ಆಗಾಗ ಗುನುಗುವ 'ಕೆರೆಗೆ ಹಾರ' ತಲೆಯಲ್ಲಿ ತಿರುಗತೊಡಗಿತು. ಕನ್ನಡ ಶಾಲೆ ಓದಿದವರಿಗೆ ಅದನ್ನು ಹೇಳಬೇಕಾಗಿಲ್ಲ. ಕಲ್ಲನಕೇರಿ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ಹನಿ ನೀರು ಬೀಳುವುದಿಲ್ಲ, ಕಿರಿಯ ಸೊಸೆ ಭಾಗೀರತಿಯನ್ನು ಆಹುತಿ ಕೊಡಬೇಕು ಅನ್ನುತ್ತಾರೆ. ಆ ಹಾಡು ನನಗೆ ಇಷ್ಟ ಅಂತಲ್ಲ. ಮಾವನ ಮೇಲೆ ಸಿಟ್ಟು ಬರುತ್ತದೆ, ನಿಜ ಬಾಯಿಬಿಡದ ಮನೆಯವರ ಮೇಲೆ ಇನ್ನೂ ಬರುತ್ತದೆ. ಹಾಡುವ ಅವ್ವನ ಮೇಲೂ ಬಂದದ್ದಿದೆ. ಆದರೆ ಆ ಸಿಟ್ಟು ಬರುವಷ್ಟು ಜಾಗವನ್ನು ಹಾಡು ಬಿಟ್ಟಿದೆ. ಅವಳು ಒಂದೊಂದೇ ಮೆಟ್ಟಿಲಿಗೆ ನೀರು ಏರುವುದನ್ನು ನೋಡುತ್ತಾಳೆ, ಪಾದಕ್ಕೆ, ಮೊಳಕಾಲಿಗೆ, ನಡುವಿಗೆ. ಆಮೇಲೆ ದಂಡಿನಿಂದ ಓಡಿ ಬಂದ ಗಂಡ ಮಾದೇವರಾಯ ಮನೆಮನೆ ಕೇಳುತ್ತಾನೆ, ಭಾಗೀರತಿ ಎಲ್ಲಿ ಅಂತ. ಮನೆಯವರು ತವರಿಗೆ ಹೋದಳು ಅನ್ನುತ್ತಾರೆ, ತವರಿನವರು ಗೆಳತಿಯ ಮನೆಗೆ ಅನ್ನುತ್ತಾರೆ. ಕೊನೆಗೆ ಗೆಳತಿಯೊಬ್ಬಳು ನಿಜ ಹೇಳುತ್ತಾಳೆ. ಅವನು ಹೋಗಿ ಕೆರೆಗೆ ಹಾರುತ್ತಾನೆ.

ಅದೂ ನೀರಿನ ಕಥೆ, ಪ್ರೀತಿಯ ಕಥೆ, ಮಾಯೆಯೂ ಇದೆ. ಒಂದು ಊರಿಗೆ ನೀರು ಬಂದದ್ದಕ್ಕೆ ಏನು ಹೋಯಿತು, ಯಾರದು ಹೋಯಿತು, ಹೋದದ್ದನ್ನು ಯಾರು ಮುಚ್ಚಿಟ್ಟರು, ಎಲ್ಲ ಬರೆದಿಟ್ಟಿದೆ. 599 ರೂಪಾಯಿಯ ಪುಸ್ತಕದಲ್ಲಿ ಬೆಣ್ಣೆ ಮಾರುವ ಅವ್ವನಿಗೆ ಒಂದು ಸಾಲು ಸಿಗಲಿಲ್ಲ.

ಉಳಿದ ನಾಲ್ಕು ರಾತ್ರಿ ಹಟಕ್ಕೆ ಓದಿದೆ. ಎನಿಮೀಸ್ ಲವರ್ಸ್ ಆದರು, ಲವರ್ಸ್ ಎನಿಮೀಸ್ ಆದರು, ಒಂದೇ ಹಾಸಿಗೆಯೂ ಬಂತು. ಕೊನೆಯ ಪುಟದಲ್ಲಿ ರಾಜಕುಮಾರನೇ ನಾಯಕಿಯನ್ನು ಮೋಸದಿಂದ ಸೆರೆಗೆ ಹಾಕುತ್ತಾನೆ, ಮುಂದಿನದು ಎರಡನೇ ಭಾಗದಲ್ಲಿ. ಮೂರು ಭಾಗದ ಕಥೆ ಅಂತ ಹಿಂದಿನ ರಟ್ಟಿನ ಮೇಲೆ ಸಣ್ಣಕ್ಷರದಲ್ಲಿ ಇತ್ತು, ಕೊಳ್ಳುವಾಗ ನೋಡಿರಲಿಲ್ಲ.

ಆ ಶನಿವಾರ ಊರಿಗೆ ಹೋದೆ, ಪುಸ್ತಕ ಬ್ಯಾಗಿನಲ್ಲೇ ಇತ್ತು. ಗದ್ದೆ ತೆನೆ ಒಡೆಯುವ ಹೊತ್ತು, ಈಗ ಒಂದು ನೀರು ತಪ್ಪಿದರೆ ಜೊಳ್ಳು. ಅವತ್ತು ರಾತ್ರಿ ನಮ್ಮ ತೂಬಿನ ಪಾಳಿ. ಅಪ್ಪ ಟಾರ್ಚು, ಸಲಿಕೆ ತೆಗೆದುಕೊಂಡು ಹೊರಟರು, ಹಿಂದೆ ನಾನು, ನನ್ನ ಹಿಂದೆ ಎಂಟನೇ ಕ್ಲಾಸಿನ ನಮ್ಮ ಕಾಕನ ಮಗಳು. ಅವಳಿಗೆ ನೀರಿಗಿಂತ ನೇರಳೆ ಅಂಚಿನ ಮೇಲೆ ಕಣ್ಣು. ಬದುವಿನ ಮೇಲೆ ಗೋಣಿಚೀಲ ಹಾಸಿ ಕೂತೆವು. ಅಪ್ಪ ಕಾಲುವೆ ಗುಂಟ ಮೇಲಕ್ಕೆ ಹೋದರು, ಯಾರಾದರೂ ನಡುವೆ ಒಡ್ಡು ಹಾಕಿದ್ದಾರೇನೋ ನೋಡಲು.

"ಅಕ್ಕಾ, ಕಥಿ ಹೇಳು."

ಹೇಳಿದೆ. ಇಂಗ್ಲಿಷಿನಲ್ಲಿ ಓದಿದ್ದನ್ನು ನಮ್ಮ ಮಾತಿನಲ್ಲಿ ಹೇಳುವಾಗ ಕಥೆ ಎಷ್ಟೋ ಸರಿಹೋಯಿತು. ಬಕೆಟ್ಟಿನ ನಡುಕಕ್ಕೆ ಅವಳು ನನ್ನ ಕೈ ಹಿಡಿದುಕೊಂಡಳು. ಕಿಟಕಿಯ ಭಾಗ ಬಂದಾಗ, "ಥೂ, ಚಪ್ಲಿ ತಗೊಂಡು ಹೊಡೀಬೇಕಿತ್ತು" ಅಂದಳು. ಬಾಣದ ಭಾಗ ಬಂತು. ನಾನು ಬೇಗ ದಾಟಿಸಿ ಕುಣಿತದ ಹಬ್ಬಕ್ಕೆ ಹೋದೆ, ನಿಜಕ್ಕೂ ಲೇಖಕಿ ಮಾಡಿದ್ದನ್ನೇ ಮಾಡಿದೆ.

"ನಿಂದ್ರು. ಅವರವ್ವಗ ಯಾರು ಹೇಳಿದ್ರು?"

"ಹೇಳಿಲ್ಲ."

"ಹೇಳಿಲ್ಲಂದ್ರ? ಆಕಿ ಬೆಣ್ಣಿ ಮಾರಾಕತ್ತಾಳೇನು ಇನ್ನ? ಮಗಳು ಅರಮನ್ಯಾಗ ಅದಾಳಂತ?"

ಮೊಬೈಲಿನ ಬೆಳಕಿನಲ್ಲಿ ಮತ್ತೆ ಪುಟ ತಿರುವಿದೆ, ಎಲ್ಲಾದರೂ ಬಿಟ್ಟಿದ್ದೇನೇನೋ ಅಂತ. ಅಷ್ಟರಲ್ಲಿ ಕಾಲುವೆಯಲ್ಲಿ ಸದ್ದು. ನೀರು ಬರುವ ಮೊದಲು ಅದರ ಕಸ ಬರುತ್ತದೆ. ಒಣ ತಳದಲ್ಲಿ ಬೇವಿನೆಲೆ, ನೊರೆ, ಒಂದು ಪ್ಲಾಸ್ಟಿಕ್ ಲೋಟ, ಎಲ್ಲವನ್ನೂ ಮುಂದೆ ತಳ್ಳಿಕೊಂಡು ಒಂದು ತೆಳ್ಳನೆಯ ನಾಲಿಗೆ ಮಣ್ಣು ನೆಕ್ಕುತ್ತ ಬಂತು. ಇರುವೆಗಳು ಸಾಲು ಕಿತ್ತು ದಂಡೆ ಹತ್ತಿದವು. ಒಣ ಮಣ್ಣು ಮೊದಲ ನೀರು ಕುಡಿಯುವಾಗ ಚಿರ್ ಅನ್ನುತ್ತದೆ, ಹತ್ತಿರ ಕಿವಿಯಿಟ್ಟರೆ ಕೇಳುತ್ತದೆ. ಅಪ್ಪ ಬಂದು ತೂಬು ತೆಗೆದರು. ಗೇಣುದ್ದ ನೀರು, ಅದೂ ಎರಡೂವರೆ ತಾಸು. ಕೆಳಗಿನ ಗದ್ದೆಯವರು ಆಗಲೇ ಬಂದು ಬೀಡಿ ಹಚ್ಚಿ ನಿಂತಿದ್ದರು, ನಮ್ಮ ಪಾಳಿ ಮುಗಿಯಲಿ ಅಂತ.

ಪುಸ್ತಕವನ್ನು ಅವಳಿಗೇ ಕೊಟ್ಟು ಬಂದೆ. ಮಾರಿದ್ದರೆ ಇನ್ನೂರಾದರೂ ಬರುತ್ತಿತ್ತು.

ಎರಡು ವಾರ ಬಿಟ್ಟು ಹೋದಾಗ ಅದಕ್ಕೆ ಹಳೇ ಕ್ಯಾಲೆಂಡರಿನ ರಟ್ಟು ಹಾಕಿದ್ದಳು. ಪಕ್ಕದಲ್ಲಿ ಶಾಲೆಯ ಡಿಕ್ಷನರಿ. ಮೂವತ್ತೆರಡನೇ ಪುಟಕ್ಕೆ ಬಂದಿದ್ದಳು, ನನ್ನ ಬಿ.ಕಾಂ. ದಿನಗಳಿಗಿಂತ ಬೇಗ. ಮುಂದೆ ತಿರುವಿದೆ. 287ರ ಕೆಳಗಿನ ಖಾಲಿ ಜಾಗದಲ್ಲಿ ನೀಲಿ ಪೆನ್ನಿನಲ್ಲಿ ಕನ್ನಡದಲ್ಲಿ ಬರೆದಿತ್ತು: 'ರಾಜಕುಮಾರ ಅವರ ಊರಿಗೆ ನಡಕೊಂತ ಹೋದ. ಕುದುರೆ ಮೇಲೆ ಹೋಗಲಿಲ್ಲ. ಅವರವ್ವ ಬೆಣ್ಣೆ ಕಡಿಯುತ್ತಿದ್ದಳು. ಅವನು ಹೊರಗೇ ನಿಂತು ಬಾಗಿಲು ಬಡಿದ.'

ಅಲ್ಲಿಗೆ ಜಾಗ ಮುಗಿದಿತ್ತು.

"ಮುಂದ?" ಅಂದೆ.

"ಮುಂದ ಎರಡನೇ ಭಾಗದಾಗ ಇರ್ತೈತೇನ ಅಂತ ಬಿಟ್ಟೀನಿ" ಅಂದಳು. "ಅದು ಯಾವಾಗ ಬರ್ತೈತಕ್ಕಾ?"

ನವೆಂಬರಿಗೆ ಬರುತ್ತದೆ. 699 ರೂಪಾಯಿ, ಅಂಚು ಈ ಸಲ ಹಸಿರು. ಆರ್ಡರ್ ಮಾಡಿಲ್ಲ, ಕಾರ್ಟಿನಲ್ಲಿ ಇಟ್ಟಿದ್ದೇನೆ.